ಎರಡನೆಯ ಪೇಸ್‌ಮೇಕರ್ ಯಾರ ಲೆಕ್ಕದಲ್ಲಿದೆ?

ಬೆಂಗಳೂರು ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆದುಕೊಂಡಾಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹತ್ತೊಂಬತ್ತು ಕಿಲೊಮೀಟರ್ ಹಾದಿಯ ಬಗ್ಗೆ ನಡೆದ ಚರ್ಚೆಯೆಲ್ಲ ಸಾಫ್ಟ್‌ವೇರ್ ನೌಕರರನ್ನೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯನ್ನೂ ಕುರಿತದ್ದಾಗಿತ್ತು. ಈ ಮಾರ್ಗಕ್ಕೆ ಇನ್ನೊಂದು ಲಕ್ಷಣವಿದೆ. ರಾಜ್ಯದ ಎರಡು ಪ್ರಮುಖ ಹೃದಯ ಚಿಕಿತ್ಸಾ ಕೇಂದ್ರಗಳು ಇದರ ದಡದಲ್ಲಿವೆ. ಒಂದು, ತನ್ನ ಹೆಸರಿನದೇ ನಿಲ್ದಾಣ ಪಡೆದಿರುವ ಸರ್ಕಾರಿ ಸ್ವಾಯತ್ತ ಸಂಸ್ಥೆ ಜಯದೇವ. ಇನ್ನೊಂದು, ಮಾರ್ಗದ ಕೊನೆಯ ತುದಿಯ ಸಮೀಪದಲ್ಲಿ ಡಾ. ದೇವಿ ಶೆಟ್ಟಿ ಅವರು ಈ ಶತಮಾನದ ಆರಂಭದಲ್ಲಿ ಕಟ್ಟಿದ ನಾರಾಯಣ ಹೃದಯಾಲಯ. ಹೀಗಾಗಿ ನಿಲ್ದಾಣಗಳ ಭದ್ರತಾ ತಪಾಸಣೆಯಲ್ಲಿ ಲೋಹಶೋಧಕ ಚೌಕಟ್ಟಿನ ಮುಂದೆ ತಡೆದು ನಿಂತು, ಜೇಬಿನಿಂದ ಒಂದು ಪುಟ್ಟ ಕಾರ್ಡನ್ನು ಹೊರತೆಗೆಯುವ ಹಿರಿಯರು ಇಲ್ಲಿ ಅಪರೂಪವೇನಲ್ಲ. ಎದೆಯೊಳಗೆ ಪೇಸ್‌ಮೇಕರ್ ಇರುವವರನ್ನು ಚೌಕಟ್ಟಿನ ಪಕ್ಕದಿಂದ ಕಳುಹಿಸಿ, ಕೈಯಿಂದ ತಡವಿ ಪರೀಕ್ಷಿಸುವುದು ರೂಢಿ.

ಆ ಕಾರ್ಡಿನಲ್ಲಿ ಏನಿರುತ್ತದೆ? ರೋಗಿಯ ಹೆಸರು, ತಯಾರಕ ಕಂಪನಿ, ಉಪಕರಣದ ಮಾದರಿ, ಅದರ ಕ್ರಮಸಂಖ್ಯೆ, ಹೃದಯದೊಳಗಿಳಿಸಿದ ತಂತಿಗಳ ವಿವರ, ಅಳವಡಿಸಿದ ದಿನಾಂಕ, ವೈದ್ಯರ ಹೆಸರು. ಎಲ್ಲವೂ ಇಂಗ್ಲಿಷಿನಲ್ಲಿ. ಅನೇಕ ಕುಟುಂಬಗಳ ಪಾಲಿಗೆ ಆ ಉಪಕರಣವನ್ನು ಕುರಿತ ಬಹುಮುಖ್ಯ ದಾಖಲೆ ಇದೊಂದೇ. ಅದು ಕಳೆದುಹೋದರೆ ಎದೆಯೊಳಗಿರುವುದು ಯಾವ ಯಂತ್ರ, ಅದರ ಆಯಸ್ಸು ಎಷ್ಟು ಎಂಬುದನ್ನು ಹೇಳಲು ಹಳೆಯ ಆಸ್ಪತ್ರೆಯ ಕಡತವನ್ನೇ ಹುಡುಕಬೇಕು. ಚಿಕಿತ್ಸೆಗೆ ಹಣ ಕೊಟ್ಟ ಸರ್ಕಾರವಾಗಲಿ ವಿಮಾ ಸಂಸ್ಥೆಯಾಗಲಿ ಆ ರೋಗಿಯನ್ನು ಹತ್ತು ವರ್ಷಗಳ ನಂತರ ನೆನಪಿಸಿಕೊಂಡು, 'ನಿಮ್ಮ ಬ್ಯಾಟರಿ ಮುಗಿಯುವ ಕಾಲ ಬಂದಿದೆ' ಎಂದು ಪತ್ರ ಬರೆಯುವ ವ್ಯವಸ್ಥೆ ನಮ್ಮಲ್ಲಿ ಬೆಳೆದಿಲ್ಲ.

ಇದೇ ಹಾದಿಯ ನಡುವಿರುವ ಎಲೆಕ್ಟ್ರಾನಿಕ್ ಸಿಟಿಯನ್ನೂ ಒಳಗೊಂಡಂತೆ ಬೆಂಗಳೂರಿನ ಹೊರವಲಯದ ತಂತ್ರಜ್ಞಾನ ಪಟ್ಟಿಯಲ್ಲಿ ಮತ್ತೊಂದು ಬಗೆಯ ಹೃದಯ ಚಿಕಿತ್ಸೆ ನಡೆಯುತ್ತಿದೆ. ಅದು ಕಾಗದದ ಮೇಲಿನ ಚಿಕಿತ್ಸೆ. 'ಮೆಡಿಕಲ್ ಕೋಡಿಂಗ್ ಕಲಿಯಿರಿ, ಉದ್ಯೋಗ ಪಡೆಯಿರಿ' ಎಂಬ ಭಿತ್ತಿಪತ್ರಗಳನ್ನು ನಗರದ ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಕಾಣದವರು ಕಡಿಮೆ. ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದ ಯುವಕ ಯುವತಿಯರು ಅಮೆರಿಕದ ಆಸ್ಪತ್ರೆಗಳ ಚಿಕಿತ್ಸಾ ಟಿಪ್ಪಣಿಗಳನ್ನು ಓದಿ, ಪ್ರತಿಯೊಂದು ರೋಗಕ್ಕೂ ಪ್ರತಿಯೊಂದು ಶಸ್ತ್ರಕ್ರಿಯೆಗೂ ನಿಗದಿಯಾದ ಸಂಕೇತ ಸಂಖ್ಯೆಯನ್ನು ಬರೆಯುತ್ತಾರೆ. ಅಲ್ಲಿನ ವಿಮಾ ಕಂಪನಿಗೆ ಕರೆ ಮಾಡಿ, ಬಿಲ್ಲು ಯಾಕೆ ತಿರಸ್ಕೃತವಾಯಿತೆಂದು ವಿಚಾರಿಸುವ ಕೆಲಸ ಇಲ್ಲಿನ ರಾತ್ರಿಯಲ್ಲಿ ನಡೆಯುತ್ತದೆ. ಒಂದಂಕಿ ತಪ್ಪಿದರೆ ಹಣ ಬರುವುದಿಲ್ಲ.

ಪೇಸ್‌ಮೇಕರ್ ಬದಲಾವಣೆಯನ್ನೇ ನೋಡಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲು ಪ್ರಕಟಿಸಿ, ಇಂದಿಗೂ ಪ್ರತಿ ಜನವರಿಯಲ್ಲಿ ಪರಿಷ್ಕರಿಸುತ್ತಿರುವ 'ಸಿಪಿಟಿ' ಎಂಬ ಸಂಕೇತಾವಳಿಯಲ್ಲಿ, ಹೊಸದಾಗಿ ಪೇಸ್‌ಮೇಕರ್ ಅಳವಡಿಸುವುದಕ್ಕೆ ಮೂರು ಸಂಖ್ಯೆಗಳಿವೆ: ತಂತಿಯು ಹೃದಯದ ಮೇಲಿನ ಕೋಣೆಯಲ್ಲಿದ್ದರೆ 33206, ಕೆಳಗಿನ ಕೋಣೆಯಲ್ಲಿದ್ದರೆ 33207, ಎರಡರಲ್ಲೂ ಇದ್ದರೆ 33208. ಬ್ಯಾಟರಿ ಮುಗಿದ ಹಳೆಯ ಪೆಟ್ಟಿಗೆಯನ್ನಷ್ಟೇ ತೆಗೆದು ಅದೇ ತಂತಿಗಳಿಗೆ ಹೊಸ ಪೆಟ್ಟಿಗೆ ಜೋಡಿಸುವುದಕ್ಕೆ ಬೇರೆಯೇ ಮೂರು ಸಂಖ್ಯೆಗಳು: ಒಂದು ತಂತಿಯದಾದರೆ 33227, ಎರಡಾದರೆ 33228, ಅದಕ್ಕೂ ಹೆಚ್ಚಾದರೆ 33229. ಈ ಮೂರು 2012ರಲ್ಲಿ ಸೇರ್ಪಡೆಯಾದವು. ಅದಕ್ಕೆ ಮೊದಲು 'ತೆಗೆದದ್ದು' ಮತ್ತು 'ಇಟ್ಟದ್ದು' ಎಂದು ಎರಡು ಪ್ರತ್ಯೇಕ ಸಂಖ್ಯೆ ಬರೆಯಬೇಕಿತ್ತು. ಪೆಟ್ಟಿಗೆಯ ಜೊತೆ ತಂತಿಯನ್ನೂ ಹೊಸದಾಗಿ ಹಾಕಿದರೆ ಮತ್ತೆ ಲೆಕ್ಕ ಬದಲಾಗುತ್ತದೆ. ತೆಗೆದದ್ದಕ್ಕೆ 33233 ಬರೆದು, ಅಳವಡಿಕೆಯ ಹಳೆಯ ಸಂಖ್ಯೆಗೇ ಮರಳಬೇಕು. ತಂತಿಯೇ ಇಲ್ಲದೆ ಹೃದಯದೊಳಗೇ ಕೂರುವ ಪುಟ್ಟ ಪೇಸ್‌ಮೇಕರ್‌ಗೆ 2019ರಿಂದ 33274. ಅಲ್ಲಿ ಮಾತ್ರ ಅಳವಡಿಕೆ, ಬದಲಾವಣೆ ಎರಡಕ್ಕೂ ಒಂದೇ ಸಂಖ್ಯೆ.

ಇಷ್ಟೇ ಅಲ್ಲ, ಯಾಕೆ ಬದಲಿಸಿದಿರಿ ಎಂಬುದಕ್ಕೂ ಸಂಖ್ಯೆ ಬೇಕು. ಬ್ಯಾಟರಿ ಸಹಜವಾಗಿ ಸವೆದದ್ದಾದರೆ ರೋಗಸಂಕೇತ 'ಝಡ್45.010'. ಯಂತ್ರವೇ ಕೆಟ್ಟಿದ್ದರೆ 'ಟಿ82.111'. ಅವಧಿಗೆ ಮುನ್ನವೇ ಉಪಕರಣ ಕೈಕೊಟ್ಟು ಬದಲಿಸಬೇಕಾಗಿ ಬಂದಿದ್ದರೆ ಆಸ್ಪತ್ರೆಯ ಬಿಲ್ಲಿನಲ್ಲಿ 49 ಎಂಬ ಸ್ಥಿತಿಸೂಚಕ, ತಯಾರಕರೇ ದೋಷ ಒಪ್ಪಿ ಹಿಂಪಡೆದ ಮಾದರಿಯಾಗಿದ್ದರೆ 50. ತಯಾರಕರು ಆಸ್ಪತ್ರೆಗೆ ಬದಲಿ ಯಂತ್ರವನ್ನು ಉಚಿತವಾಗಿಯೋ ಅರ್ಧ ಬೆಲೆಗೋ ಕೊಟ್ಟಿದ್ದಾದರೆ, ಆ ರಿಯಾಯಿತಿಯನ್ನು ಸರ್ಕಾರಿ ವಿಮೆಗೆ ತಿಳಿಸಬೇಕು. ಅದರ ಪ್ರಕಾರ ಪಾವತಿ ಇಳಿಯುತ್ತದೆ. ಕೆಟ್ಟ ಯಂತ್ರದ ನಷ್ಟ ಯಾರ ತಲೆಗೆ ಎಂಬ ಪ್ರಶ್ನೆಗೆ ಆ ಎರಡಂಕಿಯಲ್ಲಿ ಉತ್ತರವಿದೆ.

ಇನ್ನೂ ಮುಖ್ಯವಾದದ್ದು ಬೇರೊಂದಿದೆ. ಪೇಸ್‌ಮೇಕರ್ ಇರುವವರನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡುವುದಕ್ಕೂ ಅಲ್ಲಿ ಸಂಖ್ಯೆಯಿದೆ. ಆಸ್ಪತ್ರೆಗೆ ಬಂದು ಯಂತ್ರವನ್ನು 'ಓದಿಸಿದರೆ' 93288. ಮನೆಯಲ್ಲಿದ್ದುಕೊಂಡೇ ದೂರದಿಂದ ಓದಿಸಿದರೆ ತೊಂಬತ್ತು ದಿನಗಳ ಅವಧಿಗೆ 93294. ಸಂಖ್ಯೆ ಇರುವುದರಿಂದ ಆ ಕೆಲಸಕ್ಕೆ ಹಣ ಸಿಗುತ್ತದೆ, ಹಣ ಸಿಗುವುದರಿಂದ ಆ ಕೆಲಸ ನಡೆಯುತ್ತದೆ. ಬೊಮ್ಮಸಂದ್ರದ ಆಸುಪಾಸಿನ ಬಾಡಿಗೆ ಕೋಣೆಯಲ್ಲಿರುವ ಹುಡುಗಿಯೊಬ್ಬಳಿಗೆ ಒಹಾಯೊದ ಅಜ್ಜನೊಬ್ಬನ ಬ್ಯಾಟರಿ ಯಾವ ಕಾರಣಕ್ಕೆ ಬದಲಾಯಿತೆಂದು ಕರಾರುವಾಕ್ಕಾಗಿ ಗೊತ್ತಿರಬಹುದು. ಊರಿನಲ್ಲಿರುವ ತನ್ನ ಅಜ್ಜನ ಎದೆಯಲ್ಲಿರುವುದು ಯಾವ ಮಾದರಿ ಎಂಬುದು ಗೊತ್ತಿರಲಿಕ್ಕಿಲ್ಲ. ಅದು ಅವಳ ತಪ್ಪಲ್ಲ. ಅಂಥ ಪ್ರಶ್ನೆಯನ್ನು ನಮ್ಮ ಯಾವ ಅರ್ಜಿ ನಮೂನೆಯೂ ಅವಳ ಮನೆಯವರನ್ನು ಕೇಳಿಲ್ಲ.

ಪೇಸ್‌ಮೇಕರ್‌ನ ಇತಿಹಾಸವೆಂದರೆ ಬದಲಾವಣೆಯ ಇತಿಹಾಸವೇ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರು ಸಿದ್ಧಪಡಿಸಿದ ಯಂತ್ರವನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಇಟ್ಟರು. ಮನುಷ್ಯನೊಬ್ಬನಿಗೆ ಪೂರ್ತಿಯಾಗಿ ದೇಹದೊಳಗೇ ಅಳವಡಿಸಿದ ಮೊದಲ ಪೇಸ್‌ಮೇಕರ್ ಅದು. ಕೆಲವೇ ಗಂಟೆಗಳಲ್ಲಿ ಅದು ನಿಂತುಹೋಯಿತು. ಲಾರ್ಸನ್ ಮಾತ್ರ 2001ರವರೆಗೆ, ಎಂಬತ್ತಾರು ವರ್ಷ ಬದುಕಿದರು. ಯಂತ್ರ ಮಾಡಿದವರೂ ಅದನ್ನು ಅಳವಡಿಸಿದವರೂ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಅಷ್ಟರಲ್ಲಿ ಲಾರ್ಸನ್ನರಿಗೆ ಇಪ್ಪತ್ತಾರು ಪೇಸ್‌ಮೇಕರ್‌ಗಳು ಬದಲಾಗಿದ್ದವು. 1970ರ ದಶಕದಲ್ಲಿ ಲಿಥಿಯಂ ಬ್ಯಾಟರಿ ಬಂದ ಮೇಲೆ ಈ ಸಂಖ್ಯೆ ಇಳಿಯಿತು. ಇಂದು ಒಂದು ಪೆಟ್ಟಿಗೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಹೃದಯ ಎಷ್ಟು ಬಾರಿ ಅದರ ನೆರವು ಕೇಳುತ್ತದೆ, ತಂತಿಗಳು ಎಷ್ಟು ಎಂಬುದರ ಮೇಲೆ ಹೆಚ್ಚು ಕಡಿಮೆಯಾಗುತ್ತದೆ. ಐವತ್ತೈದನೆಯ ವಯಸ್ಸಿನಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಎಂಬತ್ತರವರೆಗೆ ಬದುಕಿದರೆ ಎರಡು ಬಾರಿಯಾದರೂ ಪೆಟ್ಟಿಗೆ ಬದಲಾಗಲೇಬೇಕು. ಹುಟ್ಟಿನಿಂದಲೇ ಹೃದಯದ ತೊಂದರೆಯಿರುವ ಮಗುವಿಗೆ ಹಾಕಿದರಂತೂ ಜೀವಮಾನವಿಡೀ ಇದೇ ಲೆಕ್ಕ.

ವೈದ್ಯಕೀಯದಲ್ಲಿ ಇಷ್ಟು ಖಚಿತವಾಗಿ ಮೊದಲೇ ಗೊತ್ತಿರುವ ಖರ್ಚು ಮತ್ತೊಂದಿರಲಾರದು. ಹೃದಯಾಘಾತ ಯಾವಾಗ ಆಗುತ್ತದೆಂದು ಹೇಳಲು ಬರುವುದಿಲ್ಲ. ಪೇಸ್‌ಮೇಕರ್‌ನ ಬ್ಯಾಟರಿಯಾದರೋ ತಾನೇ ಮುನ್ಸೂಚನೆ ಕೊಡುತ್ತದೆ. ಬದಲಿಸುವ ಕಾಲ ಬಂದಿದೆ ಎಂಬ ಹಂತವನ್ನು ಯಂತ್ರ ತಾನೇ ದಾಖಲಿಸಿಕೊಳ್ಳುತ್ತದೆ. ಅಲ್ಲಿಂದ ಪೂರ್ತಿ ಸೋಲುವುದಕ್ಕೆ ಮುನ್ನ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ಅವಕಾಶವಿರುತ್ತದೆ. ಈ ಹಂತದಲ್ಲಿ ಕೆಲವು ಮಾದರಿಗಳು ವಿದ್ಯುತ್ ಉಳಿಸಲು ಎರಡು ಕೋಣೆಗಳ ಕೆಲಸ ಬಿಟ್ಟು ಒಂದೇ ಕೋಣೆಯನ್ನು ನಿಧಾನಗತಿಯಲ್ಲಿ ನಡೆಸತೊಡಗುತ್ತವೆ. ಆಗ ರೋಗಿಗೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರು ಅದನ್ನು ವಯಸ್ಸಿಗೆ ಹಚ್ಚಿ ಸುಮ್ಮನಾಗುತ್ತಾರೆ. ಆ ಮೂರು ತಿಂಗಳು ಹೀಗೆ ಜಾರಿಹೋಗುತ್ತವೆ.

ಇದನ್ನು ಕಂಡುಹಿಡಿಯಲು ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಪೇಸ್‌ಮೇಕರ್ ಇರುವ ಜಾಗದ ಮೇಲೆ, ಚರ್ಮದ ಹೊರಗೇ, ಬಳೆಯಾಕಾರದ ಅಯಸ್ಕಾಂತವನ್ನಿಟ್ಟರೆ ಯಂತ್ರವು ಒಂದು ನಿಗದಿತ ವೇಗದಲ್ಲಿ ಬಡಿಯತೊಡಗುತ್ತದೆ. ಒಂದು ಪ್ರಮುಖ ಕಂಪನಿಯ ಮಾದರಿಗಳಲ್ಲಿ ಬ್ಯಾಟರಿ ಚೆನ್ನಾಗಿದ್ದರೆ ನಿಮಿಷಕ್ಕೆ 85, ಬದಲಿಸುವ ಕಾಲ ಬಂದಿದ್ದರೆ 65. ಬೇರೆ ಕಂಪನಿಗಳಿಗೆ ಬೇರೆ ಅಂಕಿಗಳಿವೆ. ಇಸಿಜಿ ಯಂತ್ರವೊಂದು, ಅಯಸ್ಕಾಂತವೊಂದು, ಯಾವ ಕಂಪನಿಗೆ ಯಾವ ಅಂಕಿ ಎಂಬ ಒಂದು ಪುಟದ ಪಟ್ಟಿ. ಇಷ್ಟಿದ್ದರೆ ಆನೇಕಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲೂ ಪ್ರಾಥಮಿಕವಾಗಿ ತಿಳಿಯಬಹುದು. ಆದರೆ ಪಟ್ಟಿ ಉಪಯೋಗಕ್ಕೆ ಬರಬೇಕಾದರೆ ಎದೆಯಲ್ಲಿರುವುದು ಯಾವ ಕಂಪನಿಯದೆಂದು ಗೊತ್ತಿರಬೇಕು. ಮತ್ತೆ ಆ ಪುಟ್ಟ ಕಾರ್ಡಿನ ಹತ್ತಿರವೇ ಬಂದು ನಿಲ್ಲುತ್ತೇವೆ.

ನಮ್ಮ ಯೋಜನೆಗಳು ಈ ವಿಷಯದಲ್ಲಿ ಎಲ್ಲಿವೆ? ಕರ್ನಾಟಕ ಈ ಕ್ಷೇತ್ರದಲ್ಲಿ ಹಿಂದುಳಿದ ರಾಜ್ಯವಲ್ಲ. ಸಹಕಾರಿ ಸಂಘಗಳ ಸದಸ್ಯರಾದ ರೈತರಿಗಾಗಿ 2002ರಲ್ಲಿ ಪ್ರಕಟವಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ಹಿಂದೆ ಇದೇ ಬೊಮ್ಮಸಂದ್ರದ ದೇವಿ ಶೆಟ್ಟಿ ಅವರ ಚಿಂತನೆಯಿತ್ತು. ಆರಂಭದಲ್ಲಿ ತಲೆಗೆ ತಿಂಗಳಿಗೆ ಐದು ರೂಪಾಯಿ ವಂತಿಗೆ. ಇಂಥ ಶಸ್ತ್ರಕ್ರಿಯೆಗೆ ಇಷ್ಟೇ ಹಣ ಎಂದು ಮೊದಲೇ ಆಸ್ಪತ್ರೆಗಳೊಡನೆ ಒಪ್ಪಂದ ಮಾಡಿಕೊಳ್ಳುವ ಪ್ಯಾಕೇಜ್ ಪದ್ಧತಿಯ ಪಾಠವನ್ನು ಈ ನಾಡು ಕಲಿತದ್ದು ಹೆಚ್ಚಾಗಿ ಅಲ್ಲಿಂದಲೇ. 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮುಂತಾದ ದುಬಾರಿ ಚಿಕಿತ್ಸೆಗಳನ್ನು ಉಚಿತವಾಗಿ ತಲುಪಿಸಿತು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು; ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಜೊತೆ ಬೆರೆಯಿತು. ಆದ್ಯತಾ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಇತರರಿಗೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು, ಒಂದೂವರೆ ಲಕ್ಷದ ಮಿತಿಯಲ್ಲಿ.

ಈ ಯೋಜನೆಗೂ ತನ್ನದೇ ಸಂಕೇತಗಳಿವೆ. ಸುಮಾರು 1,650 ಚಿಕಿತ್ಸೆಗಳನ್ನು 2ಎ, 2ಬಿ, 3ಎ, 4ಎ ಎಂದು ವಿಂಗಡಿಸಲಾಯಿತು. ಸರಳ ದ್ವಿತೀಯ ಹಂತದ್ದು, ಸಂಕೀರ್ಣ ದ್ವಿತೀಯ ಹಂತದ್ದು, ತೃತೀಯ ಹಂತದ್ದು, ತುರ್ತಿನದು ಎಂಬುದು ಅವುಗಳ ಅರ್ಥ. ತುರ್ತಿನ ಪಟ್ಟಿಯಲ್ಲಿರುವ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಉಳಿದವುಗಳಲ್ಲಿ ಖಾಸಗಿ ಆಸ್ಪತ್ರೆ ಸೇರಬೇಕಾದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಆ ಸೌಲಭ್ಯವಿಲ್ಲ ಎಂಬ ಶಿಫಾರಸು ಪತ್ರ ಬೇಕು. ಅಮೆರಿಕದ ಸಂಖ್ಯೆ ರೋಗಿಗೆ ಏನು ಮಾಡಲಾಯಿತು ಎಂದು ಹೇಳಿದರೆ, ನಮ್ಮ ಸಂಖ್ಯೆ ರೋಗಿ ಯಾವ ಬಾಗಿಲಿನಿಂದ ಒಳಬರಬೇಕು ಎಂದು ಹೇಳುತ್ತದೆ. ಹೀಗೆ ವಿಂಗಡಿಸಿದ್ದಕ್ಕೆ ಕಾರಣಗಳಿವೆ. ಸರ್ಕಾರಿ ಆಸ್ಪತ್ರೆಗಳು ಬಡವಾಗಬಾರದು, ಖಾಸಗಿಯವರು ಅನಗತ್ಯ ಶಸ್ತ್ರಕ್ರಿಯೆ ಮಾಡಿ ಬಿಲ್ಲು ಕಳಿಸಬಾರದು ಎಂಬ ಎಚ್ಚರ ಸರಿಯಾದದ್ದೇ.

ಆದರೆ ಬ್ಯಾಟರಿ ಮುಗಿಯುತ್ತಿರುವ ಪೇಸ್‌ಮೇಕರ್ ಈ ವಿಂಗಡಣೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಮೂರು ತಿಂಗಳ ಮುಂಚೆ ನೋಡಿದರೆ ಅದು ಯೋಜಿತ ಚಿಕಿತ್ಸೆ. ಮೂರು ತಿಂಗಳ ನಂತರ, ಯಂತ್ರವನ್ನೇ ಪೂರ್ತಿ ಅವಲಂಬಿಸಿದ ಹೃದಯದ ಮಟ್ಟಿಗೆ ಅದು ಪ್ರಾಣಾಪಾಯ. ಕಾದರೆ ತುರ್ತಾಗುತ್ತದೆ, ತುರ್ತಾದರೆ ಬಾಗಿಲು ಸುಲಭವಾಗಿ ತೆರೆಯುತ್ತದೆ ಎಂಬ ಸ್ಥಿತಿಯನ್ನು ಯಾವ ಆರೋಗ್ಯ ಯೋಜನೆಯೂ ಪ್ರೋತ್ಸಾಹಿಸಬಾರದು.

ಮುಂಚಿತವಾಗಿ ತಿಳಿಯಲು ಹೊರರೋಗಿ ತಪಾಸಣೆ ಬೇಕು. ಆಯುಷ್ಮಾನ್ ಭಾರತ್ ಒಳರೋಗಿ ಚಿಕಿತ್ಸೆಯ ಯೋಜನೆ. ಆಸ್ಪತ್ರೆ ಸೇರುವ ಮುನ್ನ ಮೂರು ದಿನ, ಬಿಡುಗಡೆಯಾದ ಮೇಲೆ ಹದಿನೈದು ದಿನಗಳ ಔಷಧ, ತಪಾಸಣೆ ಅದರಲ್ಲಿ ಸೇರಿವೆ. ಪೇಸ್‌ಮೇಕರ್ ಹತ್ತು ವರ್ಷ ನಡೆಯುತ್ತದೆ. ಅದಕ್ಕೆ ಹಣ ಕೊಟ್ಟ ಯೋಜನೆಯ ಹೊಣೆ ಹದಿನೈದನೆಯ ದಿನಕ್ಕೆ ಮುಗಿಯುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಆಸ್ಪತ್ರೆಗೆ ಬಂದು ಯಂತ್ರ ಓದಿಸಿಕೊಂಡು ಹೋಗುವ ಖರ್ಚು, ಬಸ್ಸಿನ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ, ಎಲ್ಲವೂ ಕುಟುಂಬದ್ದೇ. ಮೊದಲ ವರ್ಷ ಬರುತ್ತಾರೆ, ಎರಡನೆಯ ವರ್ಷವೂ ಬಂದಾರು. 'ಏನೂ ತೊಂದರೆಯಿಲ್ಲ' ಎಂಬ ಮಾತನ್ನು ನಾಲ್ಕು ಬಾರಿ ಕೇಳಿದ ಮೇಲೆ ಐದನೆಯ ಬಾರಿ ಯಾರು ಬರುತ್ತಾರೆ?

ಈಗ ಕಾಲದ ಲೆಕ್ಕ ಹಾಕಿ. ಆರೋಗ್ಯಶ್ರೀಯ ಆರಂಭದ ವರ್ಷಗಳಲ್ಲಿ, ಎಂದರೆ 2010ರಿಂದ 2014ರ ನಡುವೆ, ಮೊದಲ ಪೇಸ್‌ಮೇಕರ್ ಪಡೆದವರ ಬ್ಯಾಟರಿಗಳು ಈಗಾಗಲೇ ಬದಲಾಗಿರಬೇಕು, ಇಲ್ಲವೇ ಬದಲಾಗುವ ಹೊತ್ತಿನಲ್ಲಿರಬೇಕು. ಆಗ ಅವರನ್ನು ಊರಿನಿಂದ ನಗರದ ಆಸ್ಪತ್ರೆಗೆ ತಲುಪಿಸಲು ಆರೋಗ್ಯ ಶಿಬಿರಗಳಿದ್ದವು, ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರಿದ್ದರು. ಆ ಯೋಜನೆಯಿಂದ ಬಡ ಕುಟುಂಬಗಳಲ್ಲಿ ಸಾವುಗಳು ಗಮನಾರ್ಹವಾಗಿ ತಗ್ಗಿದವೆಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನ ಹೇಳಿತ್ತು. ನಾವು ಹೆಮ್ಮೆ ಪಡಬೇಕಾದ ಸಂಗತಿ. ಆನಂತರ ಯೋಜನೆಯ ಹೆಸರು ಬದಲಾಯಿತು, ಕಾರ್ಡು ಬದಲಾಯಿತು, ಗಣಕದ ತಂತ್ರಾಂಶ ಬದಲಾಯಿತು. ಹಳೆಯ ಯೋಜನೆಯ ಫಲಾನುಭವಿಯೊಬ್ಬರು ಹೊಸ ಯೋಜನೆಗೆ ಹೊಸಬರಾಗಿಯೇ ಕಾಣುತ್ತಾರೆ. ಯಂತ್ರ ಮಾತ್ರ ಹಳೆಯದೇ.

ಖಾಸಗಿ ವಿಮೆಯ ಕಥೆ ಇನ್ನೊಂದು ಬಗೆಯದು. ವಿಮಾ ನಿಯಂತ್ರಣ ಪ್ರಾಧಿಕಾರ 2013ರಲ್ಲಿ ರೂಪಿಸಿದ ಏಕರೂಪದ ಕ್ಲೇಮ್ ಅರ್ಜಿಯಲ್ಲಿ ರೋಗದ ಮತ್ತು ಶಸ್ತ್ರಕ್ರಿಯೆಯ ಅಂತರರಾಷ್ಟ್ರೀಯ ಸಂಕೇತಗಳನ್ನು ಬರೆಯಲು ಆಸ್ಪತ್ರೆಗೆ ಚೌಕಗಳಿವೆ. ಹಣದ ಮಾತು ನಿರ್ಧಾರವಾಗುವುದು ಬೇರೆಡೆ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡೇ ಹೊಸ ಪಾಲಿಸಿ ಕೊಳ್ಳುವವರಿಗೆ ಅದು 'ಮೊದಲೇ ಇದ್ದ ರೋಗ'. ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಕಾಯುವ ಅವಧಿ ಗರಿಷ್ಠ ನಾಲ್ಕು ವರ್ಷವಿದ್ದದ್ದನ್ನು 2024ರಲ್ಲಿ ಮೂರು ವರ್ಷಕ್ಕೆ ಇಳಿಸಲಾಯಿತು. ಬ್ಯಾಟರಿ ಮುಗಿಯುವುದು ಆ ಮೂರು ವರ್ಷದೊಳಗೋ ಹೊರಗೋ ಎಂಬುದರ ಮೇಲೆ ಪೂರ್ತಿ ಖರ್ಚು ಯಾರದೆಂಬುದು ತೀರ್ಮಾನವಾಗುತ್ತದೆ. ಕೆಲಸ ಬದಲಿಸಿ ಹಳೆಯ ಕಂಪನಿಯ ಸಮೂಹ ವಿಮೆ ಕಳೆದುಕೊಳ್ಳುವ ಮಗ, ಅಪ್ಪನ ಎದೆಯ ಯಂತ್ರಕ್ಕೆ ಎಷ್ಟು ವರ್ಷ ಬಾಕಿಯಿದೆ ಎಂದು ಕೇಳಿ ರಾಜೀನಾಮೆ ಕೊಡುವುದಿಲ್ಲವಲ್ಲ.

ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳ ಕಾರ್ಮಿಕರಿಗೆ ಇಎಸ್‌ಐ ಇದೆ. ಮಾಸಿಕ ವೇತನ 21,000 ರೂಪಾಯಿಯವರೆಗಿನವರು, ಅವರ ಅವಲಂಬಿತ ತಂದೆ ತಾಯಿ ಅದರ ವ್ಯಾಪ್ತಿಗೆ ಬರುತ್ತಾರೆ ಎಂಬ ಮಿತಿಯನ್ನು 2017ರಲ್ಲಿ ನಿಗದಿಪಡಿಸಲಾಗಿತ್ತು. ಕನಿಷ್ಠ ಐದು ವರ್ಷ ಈ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದೆಂಬ ನಿಯಮವಿದೆ. ಇದನ್ನು ಬಲ್ಲ ಕಾರ್ಮಿಕರು ತೀರ ಕಡಿಮೆ. ಪೇಸ್‌ಮೇಕರ್ ಬೇಕಾಗುವುದು ಹೆಚ್ಚಾಗಿ ನಿವೃತ್ತಿಯ ವಯಸ್ಸಿನ ಆಚೆ ಈಚೆ ಎಂಬುದನ್ನು ನೆನೆದರೆ, ನಿವೃತ್ತಿಯ ದಿನ ಹಾರ ಶಾಲು ಹಾಕುವ ಕಾರ್ಮಿಕ ಸಂಘಗಳು ಈ ಅರ್ಜಿ ನಮೂನೆಯನ್ನೂ ಕೈಗೆ ಕೊಡುವುದು ಲೇಸು.

ಪೆಟ್ಟಿಗೆ ಬದಲಿಸುವುದು ಸಣ್ಣ ಶಸ್ತ್ರಕ್ರಿಯೆ ಎಂಬ ಮಾತು ಆಸ್ಪತ್ರೆಗಳಲ್ಲಿ ಕೇಳಿಬರುತ್ತದೆ. ನಿಜ, ಅದು ಬಹುಮಟ್ಟಿಗೆ ಆ ಭಾಗವನ್ನಷ್ಟೇ ಮರಗಟ್ಟಿಸಿ, ಹಳೆಯ ಗಾಯದ ಗುರುತಿನಲ್ಲೇ ಚರ್ಮ ಬಿಡಿಸಿ, ತಂತಿಗಳನ್ನು ಪರೀಕ್ಷಿಸಿ ಮುಗಿಸುವ ಕೆಲಸ. ಆದರೆ ಸೋಂಕಿನ ಅಪಾಯ ಮೊದಲ ಅಳವಡಿಕೆಗಿಂತ ಬದಲಾವಣೆಯಲ್ಲೇ ಹೆಚ್ಚು. ಸೋಂಕು ತಗುಲಿದರೆ ವರ್ಷಗಳಿಂದ ಹೃದಯಕ್ಕೆ ಅಂಟಿಕೊಂಡ ತಂತಿಗಳನ್ನೂ ಕಿತ್ತು ತೆಗೆಯಬೇಕಾಗುತ್ತದೆ. ಅದು ಸಣ್ಣ ಕೆಲಸವಲ್ಲ, ಅಗ್ಗದ ಕೆಲಸವೂ ಅಲ್ಲ. ಬಿಲ್ಲಿನ ದೊಡ್ಡ ಪಾಲು ಎರಡೂ ಸಂದರ್ಭಗಳಲ್ಲಿ ಯಂತ್ರದ ಬೆಲೆಯೇ. ಹೃದಯದ ಸ್ಟೆಂಟ್‌ಗಳಿಗೆ 2017ರ ಫೆಬ್ರುವರಿಯಲ್ಲಿ ಗರಿಷ್ಠ ದರ ನಿಗದಿಯಾದಾಗ, ಔಷಧ ಲೇಪಿತ ಸ್ಟೆಂಟ್ ಒಂದರ ಬೆಲೆ 29,600 ರೂಪಾಯಿಗೆ ಇಳಿದದ್ದು ಓದುಗರಿಗೆ ನೆನಪಿರಬಹುದು. ಪೇಸ್‌ಮೇಕರ್‌ಗೆ ಅಂಥ ಮಿತಿ ಬರಲಿಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧಗಳ ಕಾಯ್ದೆಯಡಿ ಬಂದದ್ದರಿಂದ, ಗರಿಷ್ಠ ಮಾರಾಟ ಬೆಲೆಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬುದಷ್ಟೇ ಸಮಾಧಾನ. ಮಧ್ಯಪ್ರದೇಶದ ಪೀಥಂಪುರದಲ್ಲಿ ಪೇಸ್‌ಮೇಕರ್ ತಯಾರಿಸುವ ಭಾರತೀಯ ಕಂಪನಿಯೊಂದು ದಶಕಗಳಿಂದ ಇದೆಯಾದರೂ ಮಾರುಕಟ್ಟೆ ಬಹುಪಾಲು ವಿದೇಶಿ ಹೆಸರುಗಳದ್ದೇ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಅಮೆರಿಕದ ಬಿಲ್ಲಿಂಗ್ ವ್ಯವಸ್ಥೆಯನ್ನು ಇಲ್ಲಿಗೆ ತರಬೇಕೆಂದು ವಾದಿಸುವುದು ಅವಿವೇಕವಾದೀತು. ಬಿಲ್ಲಿಗಾಗಿಯೇ ಬಹಳಷ್ಟು ಜನ ದುಡಿಯುವ ವ್ಯವಸ್ಥೆ ಅದು. ಅದರ ಒಂದು ಭಾಗ ನಮ್ಮೂರಿನವರೆಗೂ ಚಾಚಿಕೊಂಡಿರುವುದೇ ಅದಕ್ಕೆ ಸಾಕ್ಷಿ. ಅಷ್ಟು ಸೂಕ್ಷ್ಮ ಸಂಖ್ಯೆಗಳಿದ್ದೂ ಅದು ಎಡವಿದೆ. ಅವಧಿಗೆ ಮುನ್ನ ಕೆಟ್ಟ ಅಥವಾ ಹಿಂಪಡೆಯಲಾದ ಏಳು ಬಗೆಯ ಹೃದಯ ಉಪಕರಣಗಳಿಂದಾಗಿ ಮೆಡಿಕೇರ್ ವಿಮೆಯು ಸುಮಾರು 150 ಕೋಟಿ ಡಾಲರ್ ಖರ್ಚು ಮಾಡಬೇಕಾಯಿತೆಂದೂ, ರೋಗಿಗಳು ತಮ್ಮ ಕೈಯಿಂದ ಸುಮಾರು 14 ಕೋಟಿ ಡಾಲರ್ ತೆತ್ತರೆಂದೂ ಅಲ್ಲಿನ ಆರೋಗ್ಯ ಇಲಾಖೆಯ ತನಿಖಾ ಕಚೇರಿ 2017ರಲ್ಲಿ ವರದಿ ಮಾಡಿತು. ಲೆಕ್ಕ ತೆಗೆಯುವುದೇ ಕಷ್ಟವಾಗಿತ್ತಂತೆ. ಕಾರಣ, ಬಿಲ್ಲಿನಲ್ಲಿ ಏನು ಮಾಡಿದರು ಎಂಬುದಕ್ಕೆ ಸಂಖ್ಯೆಯಿತ್ತು. ಯಾವ ಯಂತ್ರ ಎಂಬುದಕ್ಕೆ ಇರಲಿಲ್ಲ. ಉಪಕರಣದ ಗುರುತನ್ನೂ ಬಿಲ್ಲಿಗೆ ಸೇರಿಸಿ ಎಂಬುದು ಆ ವರದಿಯ ಮುಖ್ಯ ಶಿಫಾರಸು.

ಗುರುತಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ದೋಷವುಳ್ಳದ್ದೆಂದು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾದ ಸೊಂಟದ ಕೀಲಿನ ಉಪಕರಣವೊಂದನ್ನು ಭಾರತದಲ್ಲಿ ಸುಮಾರು 4,700 ಶಸ್ತ್ರಕ್ರಿಯೆಗಳಲ್ಲಿ ಬಳಸಲಾಗಿತ್ತು. 2018ರಲ್ಲಿ ಕೇಂದ್ರದ ತಜ್ಞರ ಸಮಿತಿ ಪರಿಹಾರದ ಮಾತೆತ್ತಿದಾಗ ಬಹುಪಾಲು ರೋಗಿಗಳ ಪತ್ತೆಯೇ ಇರಲಿಲ್ಲ. ಪರಿಹಾರ ಕೊಡಲು ಆದೇಶವಿತ್ತು, ಪಡೆಯುವವರ ವಿಳಾಸವಿರಲಿಲ್ಲ. ಪೇಸ್‌ಮೇಕರ್‌ಗಳೂ ಇದಕ್ಕೆ ಹೊರತಲ್ಲ. 2019, 2021ರಲ್ಲಿ ಬೇರೆ ಬೇರೆ ತಯಾರಕರ ಮಾದರಿಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಪ್ರಕಟಿಸಿದ್ದರು. ಅಂಥ ಎಚ್ಚರಿಕೆ ಹೊರಬಿದ್ದ ದಿನ, ಕರ್ನಾಟಕದಲ್ಲಿ ಆ ಮಾದರಿ ಯಾರ ಯಾರ ಎದೆಯಲ್ಲಿದೆ ಎಂದು ಒಂದು ಗುಂಡಿ ಒತ್ತಿ ತಿಳಿಯುವಂತಿರಬೇಕು. ಡೆನ್ಮಾರ್ಕ್ 1982ರಿಂದಲೇ ರಾಷ್ಟ್ರಮಟ್ಟದ ಪೇಸ್‌ಮೇಕರ್ ನೋಂದಣಿ ಇಟ್ಟುಕೊಂಡಿದೆ. ಅದು ಪುಟ್ಟ ದೇಶ ಎನ್ನಬಹುದು. ಆದರೆ ನಮ್ಮ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುವ ದತ್ತಾಂಶ ಡೆನ್ಮಾರ್ಕಿನ ಒಟ್ಟು ಜನಸಂಖ್ಯೆಗಿಂತ ಎಷ್ಟೋ ಪಟ್ಟು ದೊಡ್ಡದು. ಗಣಕದ ಕೊರತೆಯಂತೂ ನಮಗಿಲ್ಲ.

ಬೇಕಾಗಿರುವುದು ಹೊಸ ಯೋಜನೆಯಲ್ಲ, ಇರುವ ಅರ್ಜಿಯಲ್ಲಿ ಕೆಲವು ಚೌಕಗಳು. ಯೋಜನೆಯಡಿ ಅಳವಡಿಸುವ ಪ್ರತಿ ಪೇಸ್‌ಮೇಕರ್‌ನ ಕಂಪನಿ, ಮಾದರಿ, ಕ್ರಮಸಂಖ್ಯೆ ಬರೆಯದಿದ್ದರೆ ಬಿಲ್ಲು ಪಾಸಾಗುವುದಿಲ್ಲ ಎಂದು ಟ್ರಸ್ಟ್ ನಿಯಮ ಮಾಡಬಹುದು. ಆಸ್ಪತ್ರೆಗಳ ಬಳಿ ಆ ವಿವರದ ಅಂಟುಚೀಟಿ ಹೇಗೂ ಇರುತ್ತದೆ. ಬದಲಾವಣೆಯನ್ನು ಅಳವಡಿಕೆಯಿಂದ ಬೇರ್ಪಡಿಸಿ ದಾಖಲಿಸಿ, ಅದು ಸವೆತದಿಂದಲೋ ದೋಷದಿಂದಲೋ ಎಂಬುದಕ್ಕೆ ಒಂದು ಗುರುತು ಹಾಕಿದರೆ, ದೋಷದ್ದಾದಲ್ಲಿ ತಯಾರಕರಿಂದ ಬದಲಿ ಯಂತ್ರವನ್ನೋ ಹಣವನ್ನೋ ಕೇಳಲು ಸರ್ಕಾರಕ್ಕೆ ಆಧಾರ ಸಿಗುತ್ತದೆ. ವರ್ಷಕ್ಕೊಂದು ತಪಾಸಣೆಗೆ ಸಣ್ಣ ಮೊತ್ತದ ಪ್ಯಾಕೇಜ್ ಇರಲಿ. ಬದಲಿಸುವ ಕಾಲ ಬಂದಿದೆ ಎಂದು ಯಂತ್ರವೇ ಅಚ್ಚು ಹಾಕಿಕೊಟ್ಟ ವರದಿಯನ್ನೇ ಶಿಫಾರಸು ಪತ್ರವೆಂದು ಒಪ್ಪಲಿ. ಮೊದಲ ಯಂತ್ರಕ್ಕೆ ಒಪ್ಪಿಗೆ ಕೊಟ್ಟ ಸರ್ಕಾರ ಎರಡನೆಯದಕ್ಕೆ ರೋಗಿಯನ್ನು ಮತ್ತೆ ಮೊದಲಿನಿಂದ ಅಲೆಸಬೇಕಾದ ಅಗತ್ಯವಿಲ್ಲ. ಇವೆಲ್ಲಕ್ಕೂ ಪರಿಣತರು ಬೇಕೆಂದರೆ ಹೊಸೂರು ರಸ್ತೆಯ ಕಡೆ ನೋಡಿದರೆ ಸಾಕು. ಈ ಕೆಲಸವನ್ನು ಕಣ್ಣುಮುಚ್ಚಿ ಮಾಡಬಲ್ಲ ಕನ್ನಡದ ಮಕ್ಕಳು ಇಂಥ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ಇಂಥದ್ದಕ್ಕೆ ಯಾರೂ ಕರೆದಂತಿಲ್ಲ.

ಅದಾಗುವವರೆಗೆ ಪೇಸ್‌ಮೇಕರ್ ಇರುವವರ ಮನೆಯವರು ಒಂದಿಷ್ಟು ಎಚ್ಚರ ವಹಿಸುವುದು ಒಳ್ಳೆಯದು. ಕಾರ್ಡಿನ ಎರಡೂ ಬದಿಯ ಚಿತ್ರ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ತಪಾಸಣೆಗೆ ಹೋದಾಗ 'ಚೆನ್ನಾಗಿದೆ' ಎಂಬ ಮಾತಿಗೆ ತೃಪ್ತರಾಗದೆ, ಬ್ಯಾಟರಿ ಇನ್ನೆಷ್ಟು ವರ್ಷ ಎಂಬ ಸಾಲು ಮುದ್ರಿತ ವರದಿಯಲ್ಲಿ ಎಲ್ಲಿದೆ ಎಂದು ಕೇಳಿ, ಅದರ ಪ್ರತಿ ಪಡೆಯಿರಿ. ಆ ಅಂಕಿ ಎರಡಕ್ಕೆ ಇಳಿದಾಗಲೇ ಯಾವ ಯೋಜನೆಯಡಿ, ಯಾವ ಆಸ್ಪತ್ರೆಯಲ್ಲಿ ಎಂದು ವಿಚಾರಿಸಲು ಆರಂಭಿಸಿ. ಹೊಸ ಪೆಟ್ಟಿಗೆ ಬಂದ ದಿನ ಹಳೆಯ ಕಾರ್ಡನ್ನು ಎಸೆಯಬೇಡಿ. ಪೆಟ್ಟಿಗೆ ಬದಲಾದರೂ ತಂತಿಗಳು ಹಳೆಯವೇ. ಅವುಗಳ ಕ್ರಮಸಂಖ್ಯೆ ಹಳೆಯ ಕಾರ್ಡಿನಲ್ಲೇ ಇರುತ್ತದೆ.